ಜಾಝ್-ಫಂಕ್ ಟ್ರ್ಯಾಕನ್ನು ಕ್ಲಬ್ಬಿಗೆ ರೀಮಿಕ್ಸ್ ಮಾಡುವುದು ಹೇಗೆ, ಡ್ರಮ್ಮರ್‌ನ ಜೀವ ತೆಗೆಯದೆ

ನಾನು ಮಾಡಿದ ಮೊದಲ ಜಾಝ್-ಫಂಕ್ ರೀಮಿಕ್ಸನ್ನು ಈಗ ಯಾರಾದರೂ ಹಾಕಿದರೆ ಎದ್ದು ಹೊರಗೆ ಹೋಗುತ್ತೇನೆ. 1970ರ ದಶಕದ ಒಂದು ಆಲ್ಬಮ್ಮಿನ ಏಳು ನಿಮಿಷದ ಟ್ರ್ಯಾಕ್ ಅದು. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಹಕ್ಕಿನ ಮಾತು ಬಂದಾಗ ಗೊತ್ತಾಗುತ್ತೆ. ಎರಡು ರಾತ್ರಿ ಕೂತು ಒಂದೊಂದು ಬೀಟನ್ನೂ ಸಾಫ್ಟ್‌ವೇರಿನ ಗ್ರಿಡ್ಡಿಗೆ (ಸಮ ಅಂತರದ ಗೆರೆಗಳಿಗೆ) ಎಳೆದು ಕೂರಿಸಿದೆ, ಮೇಲೊಂದು ದಪ್ಪ ಹೌಸ್ ಕಿಕ್ (ಕ್ಲಬ್ ಸಂಗೀತದ ದೊಡ್ಡ ಡ್ರಮ್ಮಿನ ಹೊಡೆತ) ಹಾಕಿದೆ, ಸ್ಯಾಕ್ಸೊಫೋನ್ ಸೋಲೊ ಪೂರ್ತಿ ಕಿತ್ತುಹಾಕಿದೆ, ಎಲ್ಲಾ ಆದಮೇಲೆ ಬೆಳಗ್ಗೆ ಕಾಫಿ ಕುಡಿಯುತ್ತಾ ಕೇಳಿದರೆ ಆರ್ಕೆಸ್ಟ್ರಾದವರು ಕೀಬೋರ್ಡಿನಲ್ಲಿ ರಿದಮ್ ಬಟನ್ ಒತ್ತಿ ಊಟಕ್ಕೆ ಹೋದ ಹಾಗಿತ್ತು. ತಾಳ ಸರಿಯಾಗಿಯೇ ಇತ್ತು. ಕುಣಿಯಬೇಕು ಅಂತ ಮಾತ್ರ ಅನಿಸಲಿಲ್ಲ.

ಆಮೇಲೆ ನಿಧಾನಕ್ಕೆ ತಲೆಗೆ ಹೋಯಿತು. ಇದನ್ನು ನುಡಿಸಿದವರು ಕಾಲಿಗೆ ಬೇಕಾದ್ದನ್ನು ಆಗಲೇ ಕೊಟ್ಟಿದ್ದಾರೆ. ಆಲ್ಬಮ್ಮಿನಲ್ಲಿ ಅದರ ಮೇಲೆ ಟ್ರಂಪೆಟ್, ಸೋಲೊ, ವಯಲಿನ್ನು, ಹಾಡು ಎಲ್ಲಾ ಕೂತಿರುತ್ತವೆ. ಅವನ್ನು ಸ್ವಲ್ಪ ಸರಿಸಿ, ಡ್ರಮ್ಮು ಮತ್ತು ಬೇಸಿಗೆ ಜಾಸ್ತಿ ಹೊತ್ತು ಕೊಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಕೆಳಗೆ ಬರೆದಿರುವುದೆಲ್ಲ ಆ ಸರಿಸುವ ಕೆಲಸದ ಬಗ್ಗೆಯೇ. ನಾನು ಬಳಸುವ ಸಂಗೀತದ ಸಾಫ್ಟ್‌ವೇರು ಏಬಲ್ಟನ್ ಲೈವ್, ನಿಮ್ಮ ಹತ್ತಿರ ಲಾಜಿಕ್ ಇದ್ದರೂ ರೀಪರ್ ಇದ್ದರೂ ನಡೆಯುತ್ತೆ. ಒಂದು ಒಳ್ಳೆ ಹೆಡ್‌ಫೋನ್ ಬೇಕು. ಎಂಟರವರೆಗೆ ಎಣಿಸುವ ತಾಳ್ಮೆ ಬೇಕು, ಅದೇ ಕಷ್ಟ.

ಟ್ರ್ಯಾಕ್ ಆರಿಸುವುದು

ಎಲ್ಲಾ ಟ್ರ್ಯಾಕೂ ಇದಕ್ಕೆ ಒಗ್ಗುವುದಿಲ್ಲ. 70ರ ದಶಕದಲ್ಲಿ ಹರ್ಬಿ ಹ್ಯಾನ್‌ಕಾಕ್, ಡೊನಾಲ್ಡ್ ಬರ್ಡ್, ರಾಯ್ ಏಯರ್ಸ್, ಲಾನಿ ಲಿಸ್ಟನ್ ಸ್ಮಿತ್ ಇವರೆಲ್ಲಾ ಜಾಝ್ ಕಡೆಯಿಂದ ಬಂದು ಫಂಕ್ ತಾಳಕ್ಕೆ ಇಳಿದವರು. ಇವರ ಉದ್ದುದ್ದ ಟ್ರ್ಯಾಕುಗಳನ್ನು ರೇಡಿಯೊದವರು ಹೇಗಿದೆಯೋ ಹಾಗೆ ಹಾಕುವುದು ಕಷ್ಟ, ಆದರೆ ಕುಣಿಯುವವರಿಗೆ ಅದೇ ಬೇಕಿತ್ತು. ಲಾನಿ ಲಿಸ್ಟನ್ ಸ್ಮಿತ್ ಅವರ 1975ರ 'ಎಕ್ಸ್‌ಪಾನ್ಶನ್ಸ್' ನ್ಯೂಯಾರ್ಕಿನಲ್ಲಿ ಡೇವಿಡ್ ಮ್ಯಾನ್‌ಕೂಸೊ ನಡೆಸುತ್ತಿದ್ದ 'ಲಾಫ್ಟ್' ಪಾರ್ಟಿಗಳಲ್ಲಿ ಮೆರೆದದ್ದು ಹಾಗೆ. ಇಂಗ್ಲೆಂಡಿನಲ್ಲಂತೂ 70ರ ದಶಕದ ಕೊನೆಗೆ ಜಾಝ್-ಫಂಕ್ ಅನ್ನುವುದೇ ಕುಣಿಯುವವರ ಒಂದು ದೊಡ್ಡ ಪಂಗಡ, 1979ರಿಂದ ಕೇಯ್‌ಸ್ಟರ್ ಅನ್ನುವ ಸಮುದ್ರದಂಡೆಯ ಊರಿನಲ್ಲಿ ವಾರಾಂತ್ಯದ ಜಾತ್ರೆಯೇ ನಡೆಯುತ್ತಿತ್ತು.

ನಾನು ನೋಡುವುದು ಮೂರು ವಿಷಯ. ಒಂದು, ಎಲ್ಲಾದರೂ ಒಂದು ಕಡೆ ಕನಿಷ್ಠ ನಾಲ್ಕು ಬಾರ್ (ನಾಲ್ಕು ಬೀಟಿನ ಒಂದು ಸುತ್ತಿಗೆ ಒಂದು ಬಾರ್), ಎಂಟಾದರೆ ಇನ್ನೂ ಒಳ್ಳೆಯದು, ಡ್ರಮ್ಮು ಬೇಸು ಮಾತ್ರ ಉಳಿಯಬೇಕು. ಶುರುವಿನಲ್ಲಿ ಸಿಗದಿದ್ದರೆ ಸೋಲೊಗಳ ನಡುವೆ ಹುಡುಕಿ, ಅಲ್ಲೂ ಇಲ್ಲದಿದ್ದರೆ ಕೊನೆಯಲ್ಲಿ ಹಾಡು ಮಾಯವಾಗುವ ಜಾಗದಲ್ಲಿ ವಾಲ್ಯೂಮ್ ಎತ್ತಿ ಕೇಳಿ. ಎರಡು, ಸ್ವರಮೇಳದ (ಕಾರ್ಡುಗಳ) ಸುತ್ತು ಚಿಕ್ಕದಿರಬೇಕು. ಎರಡು ಅಥವಾ ನಾಲ್ಕು ಬಾರಿಗೊಮ್ಮೆ ತಿರುಗಿ ಬರುವಂಥದ್ದಾದರೆ ಎಲ್ಲಿ ಬೇಕಾದರೂ ಕತ್ತರಿಸಬಹುದು, ಹದಿನಾರು ಬಾರ್ ಸುತ್ತಿ ಬರುವಂಥದ್ದಾದರೆ ಕೈ ಕಟ್ಟಿದ ಹಾಗೆ. ಮೂರನೆಯದು ವೇಗ.

ವೇಗದ ವಿಷಯದಲ್ಲಿ ಆಸೆ ಬೇಡ. ಹ್ಯಾನ್‌ಕಾಕ್ ಅವರ 'ಕಮೀಲಿಯನ್' ಎಲ್ಲರಿಗೂ ಇಷ್ಟ, 1973ರ 'ಹೆಡ್ ಹಂಟರ್ಸ್' ಆಲ್ಬಮ್ಮಿನ ಮೊದಲ ಟ್ರ್ಯಾಕ್, 15 ನಿಮಿಷ 41 ಸೆಕೆಂಡು. ಅದರ ವೇಗ ನಿಮಿಷಕ್ಕೆ 95 ಬೀಟಿನ ಆಸುಪಾಸು. ಅದನ್ನು ಎಳೆದು 120ಕ್ಕೆ ತಂದರೆ ಕಾಲು ಭಾಗಕ್ಕಿಂತ ಜಾಸ್ತಿ ಓಡಿಸಿದ ಹಾಗೆ, ಆ ಕುಲುಕಾಟವೇ ಹೋಗುತ್ತೆ. ರಾತ್ರಿ ಒಂಬತ್ತಕ್ಕೆ ಜನ ಇನ್ನೂ ಲೋಟ ಹಿಡಿದು ನಿಂತಿರುವಾಗ 98ಕ್ಕೋ 100ಕ್ಕೋ ಹಾಕುವಂಥ ಎಡಿಟ್ ಮಾಡಿಕೊಳ್ಳಿ, ಸಾಕು. ಫ್ಲೋರ್ ತುಂಬಿದ ಹೊತ್ತಿಗೆ ಬೇಕು ಅನ್ನುವುದಾದರೆ ಮೂಲದಲ್ಲೇ 108ರಿಂದ 118ರ ಒಳಗಿರುವುದನ್ನು ಹುಡುಕಿ.

'ಒಂದು' ಎಲ್ಲಿದೆ?

'ಒಂದು' ಅಂದರೆ ಬಾರಿನ ಮೊದಲ ಬೀಟು. ಇಲ್ಲಿ ತಪ್ಪಿದರೆ ಮುಂದಿನದೆಲ್ಲಾ ತಪ್ಪು. ಅದೇ 'ಕಮೀಲಿಯನ್' ತೆಗೆದುಕೊಳ್ಳಿ. ಶುರುವಿನಲ್ಲಿ ಸಿಂಥಸೈಜರಿನ ಬೇಸ್ ಒಂದೇ ಬರುತ್ತೆ, ಡ್ರಮ್ಮಿಲ್ಲ. ಕೇಳುವ ಮೊದಲ ಸ್ವರವೇ ಬಾರಿನ 'ಒಂದು' ಅಂದುಕೊಂಡು ಸಾಫ್ಟ್‌ವೇರಿನಲ್ಲಿ ಗುರುತು ಹಾಕುತ್ತೀರಿ, ಡ್ರಮ್ಮು ಬಂದ ಕೂಡಲೇ ಎಲ್ಲಾ ಉಲ್ಟಾ. ಯಾಕೆಂದರೆ ಆ ಬೇಸು ಮೂರು ಮೆಟ್ಟಿಲು ಹತ್ತಿಕೊಂಡು ಬಂದು ನಾಲ್ಕನೆಯ ಸ್ವರದ ಮೇಲೆ ಕಾಲಿಡುತ್ತೆ, ಆ ನಾಲ್ಕನೆಯದೇ 'ಒಂದು'. ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಹೊಸದೇನಲ್ಲ, ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಒಂದು ಕಡೆ, ಸಮ (ತಾಳದ ಮೊದಲ ಏಟು) ಇನ್ನೊಂದು ಕಡೆ, ಅಷ್ಟೇ.

ಹಾಗಾಗಿ ಫೈಲ್ ತೆರೆಯುವ ಮುಂಚೆ ಟ್ರ್ಯಾಕನ್ನು ಮೂರ್ನಾಲ್ಕು ಸಲ ಸುಮ್ನೆ ಕೇಳಿ, ತೊಡೆ ಮೇಲೆ ತಾಳ ಹಾಕಿ, ಒಂದು ಕಾಗದದ ಮೇಲೆ ಬಾರುಗಳನ್ನು ಎಣಿಸಿ ಬರೆದುಕೊಳ್ಳಿ. ನನ್ನ ಕಾಗದ ಹೀಗಿರುತ್ತೆ (ರೋಡ್ಸ್ ಅಂದರೆ ಒಂದು ಎಲೆಕ್ಟ್ರಿಕ್ ಪಿಯಾನೊ): 'ಡ್ರಮ್ಮು 8, ಬೇಸ್ ಸೇರಿ 8, ರೋಡ್ಸ್ 16, ಪಲ್ಲವಿ 16, ಪಲ್ಲವಿ 18'. ಹೌದು, 18. ಕೈಯಲ್ಲಿ ನುಡಿಸಿದ ಸಂಗೀತದಲ್ಲಿ ಯಾರೋ ಎರಡು ಬಾರ್ ಜಾಸ್ತಿ ಹೋಗಿರುತ್ತಾರೆ, ಆ ಎರಡು ಬಾರಿನಲ್ಲೇ ಡಿಜೆ ಮಿಕ್ಸ್ ಮಾಡುವಾಗ ಎಡವುವುದು. ಅದನ್ನು ಎಲ್ಲಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಅನ್ನುವುದು ಕಾಗದದ ಮೇಲೆಯೇ ತೀರ್ಮಾನವಾಗಲಿ.

ಫೈಲ್, ಸ್ಟೆಮ್

ವಿಡಿಯೊ ಸೈಟಿನಿಂದ ಇಳಿಸಿಕೊಂಡ ಎಂಪಿ3 ಬೇಡ. ಮನೆಯಲ್ಲಿ ಗೊತ್ತಾಗುವುದಿಲ್ಲ, ದೊಡ್ಡ ಸ್ಪೀಕರಿನಲ್ಲಿ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಸಿಂಬಲ್) ನೀರಿನೊಳಗಿಂದ ಬಂದ ಹಾಗೆ ಕೇಳುತ್ತೆ. ದುಡ್ಡು ಕೊಟ್ಟು ಸದ್ದು ಕೆಡದ ವೇವ್ ಅಥವಾ ಫ್ಲಾಕ್ ಫೈಲ್ ಕೊಂಡುಕೊಳ್ಳಿ, ಇಲ್ಲದಿದ್ದರೆ ಒಳ್ಳೆ ಸಿಡಿ.

ನಿಜವಾದ ರೀಮಿಕ್ಸಿಗೆ ಮಲ್ಟಿಟ್ರ್ಯಾಕ್ ಬೇಕು, ಅಂದರೆ ಡ್ರಮ್ಮು ಬೇಸು ಕೀಬೋರ್ಡು ಎಲ್ಲಾ ಬೇರೆಬೇರೆಯಾಗಿ ರೆಕಾರ್ಡಾದ ಮೂಲ ಟೇಪು. 70ರ ದಶಕದಲ್ಲಿ ಅದು ಎರಡು ಇಂಚು ಅಗಲದ ಟೇಪು, 16 ಅಥವಾ 24 ಟ್ರ್ಯಾಕಿನದು. ಅದು ಕಂಪನಿಯ ಗೋದಾಮಿನಲ್ಲಿರುತ್ತೆ, ನಮ್ಮ ಕೈಗೆ ಬರುವುದಿಲ್ಲ. ಬಂದರೂ ಎಷ್ಟೋ ಟೇಪುಗಳ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತೆ, ಅದಕ್ಕೆ ಅವನ್ನು 50 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೆಚ್ಚಗಿಟ್ಟು ಆಮೇಲೆ ನುಡಿಸುತ್ತಾರೆ. ಹಪ್ಪಳ ಒಣಗಿಸಿದ ಹಾಗೆ.

ಈಗ ನಮಗಿರುವ ದಾರಿ ಸ್ಟೆಮ್, ಅಂದರೆ ಮಿಕ್ಸಿನೊಳಗಿನ ಒಂದೊಂದು ಭಾಗವನ್ನು, ಬೇರ್ಪಡಿಸುವ ಸಾಫ್ಟ್‌ವೇರು. 2019ರಲ್ಲಿ ಡೀಝರ್ ಕಂಪನಿಯವರು ಸ್ಪ್ಲೀಟರ್ ಅನ್ನುವುದನ್ನು ಬಿಟ್ಟಿ ಬಿಟ್ಟರು, ಮೆಟಾದವರ ಡೆಮಕ್ಸ್ ಇದೆ, ಈಗ ಡಿಜೆ ಸಾಫ್ಟ್‌ವೇರುಗಳ ಒಳಗೇ ಬರುತ್ತಿದೆ. ಸಾಮಾನ್ಯವಾಗಿ ನಾಲ್ಕು ಭಾಗ ಕೊಡುತ್ತೆ: ಹಾಡು, ಡ್ರಮ್ಮು, ಬೇಸು, ಮಿಕ್ಕಿದ್ದು. ಜಾಝ್-ಫಂಕಿನಲ್ಲಿ ತೊಂದರೆ ಇರುವುದು ಆ 'ಮಿಕ್ಕಿದ್ದು' ಅನ್ನುವುದರಲ್ಲೇ, ಯಾಕೆಂದರೆ ರೋಡ್ಸ್, ಕ್ಲಾವಿನೆಟ್, ಗಿಟಾರ್, ಸ್ಯಾಕ್ಸ್, ಕೊಳಲು ಎಲ್ಲಾ ಒಂದೇ ಡಬ್ಬಿಗೆ ಬೀಳುತ್ತೆ, ಕೆಲವು ಸಲ ಸ್ಯಾಕ್ಸನ್ನು ಹಾಡು ಅಂದುಕೊಳ್ಳುತ್ತೆ, ಕಾಂಗಾದ ಅರ್ಧ ಡ್ರಮ್ಮಿಗೆ ಹೋಗಿ ಇನ್ನರ್ಧ ಇಲ್ಲೇ ಉಳಿಯುತ್ತೆ. ಅದಕ್ಕೆ ನಾನು ಬೇರ್ಪಡಿಸಿದ ಡ್ರಮ್ಮನ್ನು ಒಂಟಿಯಾಗಿ ಯಾವತ್ತೂ ನುಡಿಸುವುದಿಲ್ಲ. ಮೂಲ ಟ್ರ್ಯಾಕಿನ ಕೆಳಗೆ ಸ್ವಲ್ಪ ಸೇರಿಸಿ ಡ್ರಮ್ಮನ್ನು ಮುಂದೆ ತರುವುದಕ್ಕೆ, ಅಥವಾ ಎರಡು ಬಾರ್ ಹಾಡನ್ನು ಅಡಗಿಸುವುದಕ್ಕೆ ಬಳಸುತ್ತೇನೆ. ಉಪ್ಪಿನಕಾಯಿ ಹಾಗೆ ಬಳಸಿ, ಪಲ್ಯದ ಹಾಗಲ್ಲ.

ಇನ್ನೊಂದು ದಾರಿ ಇದೆ, ಖರ್ಚಿನದು. ಮಾಸ್ಟರ್ಸ್ ಅಟ್ ವರ್ಕ್ ಅನ್ನುವ ಜೋಡಿ 1997ರ ತಮ್ಮ 'ನುಯೊರಿಕನ್ ಸೋಲ್' ಆಲ್ಬಮ್ಮಿಗೆ ರಾಯ್ ಏಯರ್ಸ್ ಅವರ ಹಳೆಯ 'ಸ್ವೀಟ್ ಟಿಯರ್ಸ್' ಬೇಕಾದಾಗ ರಾಯ್ ಏಯರ್ಸ್ ಅವರನ್ನೇ ಸೇರಿಸಿಕೊಂಡು ಹೊಸದಾಗಿ ಮಾಡಿದರು. ನಿಮ್ಮ ಪರಿಚಯದಲ್ಲಿ ಬೇಸ್ ನುಡಿಸುವವರು ಯಾರಾದರೂ ಇದ್ದರೆ ಒಂದು ಸಂಜೆ ಕರೆದು ಆ ಎಂಟು ಬಾರ್ ನುಡಿಸಿಕೊಳ್ಳಿ. ಯಾವ ಸಾಫ್ಟ್‌ವೇರಿಗಿಂತಲೂ ಚೆನ್ನಾಗಿ ಬರುತ್ತೆ.

ತಾಳವನ್ನು ಕಟ್ಟುವುದು, ಸಡಿಲವಾಗಿ

ಆಗಿನ ಡ್ರಮ್ಮರ್‌ಗಳು ಹೆಚ್ಚಾಗಿ ಕ್ಲಿಕ್ (ಕಿವಿಯಲ್ಲಿ ವೇಗ ತೋರಿಸುವ ಟಿಕ್ ಟಿಕ್) ಇಲ್ಲದೆ ನುಡಿಸುತ್ತಿದ್ದರು. ನನ್ನ ಆ ಟ್ರ್ಯಾಕ್ ಶುರುವಾಗುವಾಗ 112, ಸ್ಯಾಕ್ಸ್ ಸೋಲೊ ಏರುವ ಹೊತ್ತಿಗೆ 116. ಇದು ತಪ್ಪಲ್ಲ. ಸೋಲೊ ಬಿಸಿಯಾದಾಗ ಇಡೀ ಬ್ಯಾಂಡೇ ಮುಂದಕ್ಕೆ ಬಾಗುತ್ತೆ, ಕುಣಿಯುವವರಿಗೂ ಅದು ಮೈಗೆ ತಾಗುತ್ತೆ. ಆದರೆ ಡಿಜೆಗೆ ಮಿಕ್ಸ್ ಮಾಡುವಾಗ ವೇಗ ನಿಂತಿರಬೇಕು. ಈ ಜಗಳಕ್ಕೆ ನಾನು ಮಾಡಿಕೊಂಡಿರುವ ರಾಜಿ ಹೀಗಿದೆ: ಮೊದಲ ಒಂದು ನಿಮಿಷ ಮತ್ತು ಕೊನೆಯ ಒಂದು ನಿಮಿಷ ಗಟ್ಟಿಯಾಗಿ ಕಟ್ಟುತ್ತೇನೆ, ಅಲ್ಲೇ ತಾನೆ ಮಿಕ್ಸ್ ಮಾಡುವುದು, ನಡುವಿನದನ್ನು ಸಡಿಲ ಬಿಡುತ್ತೇನೆ.

ಲೈವ್‌ನಲ್ಲಿ ಮೊದಲು ಆಟೋ-ವಾರ್ಪ್ (ಬೀಟುಗಳನ್ನು ತಾನೇ ಗುರುತಿಸಿ ಗ್ರಿಡ್ಡಿಗೆ ಕೂರಿಸುವುದು) ಆಫ್ ಮಾಡಿ. ಅದು ಗುರುತುಗಳನ್ನು ಅಕ್ಷತೆ ಎರಚಿದ ಹಾಗೆ ಎರಚುತ್ತೆ. ಮೊದಲ 'ಒಂದ'ರ ಮೇಲೆ ಕೈಯಿಂದ ಒಂದು ಗುರುತು ಹಾಕಿ, ಎಂಟು ಬಾರ್ ಎಣಿಸಿ, ಒಂಬತ್ತನೇ ಬಾರಿನ 'ಒಂದ'ರ ಮೇಲೆ ಇನ್ನೊಂದು. ಕಟ್ಟಬೇಕಾದ ಜಾಗದಲ್ಲಿ ನಾಲ್ಕು ಬಾರಿಗೊಂದು, ಸಡಿಲ ಬಿಡುವ ಕಡೆ ಎಂಟು ಅಥವಾ ಹದಿನಾರು ಬಾರಿಗೊಂದು. ಎರಡು ಗುರುತಿನ ನಡುವೆ ಡ್ರಮ್ಮರ್ ತನ್ನ ಪಾಡಿಗೆ ತಾನು ಹಿಂದೆ ಮುಂದೆ ಆಡಿಕೊಂಡಿರಲಿ. ಬೀಟಿಗೊಂದು ಗುರುತು ಹಾಕಿದಿರೋ, ನನ್ನ ಮೊದಲ ರೀಮಿಕ್ಸಿನ ಗತಿಯೇ.

ವೇಗ ಹೆಚ್ಚಿಸುವಾಗ ಒಂದು ಆಯ್ಕೆ ಇದೆ. ಶ್ರುತಿ ಬದಲಾಗದೆ ವೇಗ ಮಾತ್ರ ಬದಲಾಗುವ ವಿಧಾನ ಒಂದು, ರೆಕಾರ್ಡ್ ಪ್ಲೇಯರಿನ ಹಾಗೆ ಎರಡೂ ಒಟ್ಟಿಗೆ ಏರುವ 'ರೀ-ಪಿಚ್' ಇನ್ನೊಂದು. ನಾನು ಎರಡನೆಯದರ ಕಡೆ. 112ರಿಂದ 118ಕ್ಕೆ ಏರಿಸಿದರೆ ಶ್ರುತಿ ಸುಮಾರು ಮುಕ್ಕಾಲು ಸೆಮಿಟೋನಿಗಿಂತ ತುಸು ಜಾಸ್ತಿ, 0.9ರಷ್ಟು, ಮೇಲೆ ಹೋಗುತ್ತೆ. ಸಿಂಬಲ್ ಒಡೆಯುವುದಿಲ್ಲ, ಕಿಕ್ಕಿನ ಹೊಡೆತ ಹರಿತವಾಗಿ ಉಳಿಯುತ್ತೆ. ಟೆಕ್ನಿಕ್ಸ್ ಎಸ್‌ಎಲ್-1200ನಂಥ ಟರ್ನ್‌ಟೇಬಲ್‌ಗಳಲ್ಲಿ ಶೇಕಡ 8ರವರೆಗೆ ಹಾಗೇ ಏರಿಸಿ ಜನ ದಶಕಗಟ್ಟಲೆ ಕುಣಿದಿದ್ದಾರೆ. ಗಾಯನ ಇದ್ದರೆ ಮಾತ್ರ ಎಚ್ಚರ, ಹಾಡುವವರು ಹೀಲಿಯಂ ಎಳೆದುಕೊಂಡ ಹಾಗೆ ಕೇಳಬಾರದು.

ಕತ್ತರಿಸಿ ಜೋಡಿಸುವುದು

ಹಿಂದೆ ಇದನ್ನು ಬ್ಲೇಡಿನಲ್ಲಿ ಮಾಡುತ್ತಿದ್ದರು. ಸೆಕೆಂಡಿಗೆ 15 ಇಂಚು ಓಡುವ ಟೇಪು, ವೇಗ 120 ಇದ್ದರೆ ಒಂದು ಬೀಟಿಗೆ ಏಳೂವರೆ ಇಂಚು, ಒಂದು ಬಾರಿಗೆ ಎರಡೂವರೆ ಅಡಿ. ಎಂಟು ಬಾರ್ ಅಂದರೆ 20 ಅಡಿ ಟೇಪು ಕುತ್ತಿಗೆಗೆ ಹಾಕಿಕೊಂಡು, ತುದಿಯನ್ನು ಓರೆಯಾಗಿ ಕೊಯ್ದು, ಅಂಟಿಸಿ, ಬೆರಳಿನಿಂದ ಒತ್ತಿ ಕೇಳುವುದು. ವಾಲ್ಟರ್ ಗಿಬನ್ಸ್ ಅನ್ನುವ ಡಿಜೆ 1976ರಲ್ಲಿ ಸಾಲ್ಸೋಲ್ ಲೇಬಲ್ಲಿಗೆ ಡಬಲ್ ಎಕ್ಸ್‌ಪೋಶರ್ ತಂಡದ 'ಟೆನ್ ಪರ್ಸೆಂಟ್' ಹಾಡನ್ನು ಒಂಬತ್ತು ನಿಮಿಷ ದಾಟಿಸಿದ್ದು ಆ ಕಾಲದಲ್ಲೇ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ 12 ಇಂಚಿನ ಸಿಂಗಲ್ ಅದು. ನಮಗೆ ಕಂಟ್ರೋಲ್-ಝಡ್ ಇದೆ, ಆದರೂ ಜೋಡಣೆ ಕೇಳಿಸುತ್ತೆ. ಯಾಕೆ ಅಂತ ಹತ್ತಿರದಿಂದ ನೋಡೋಣ.

ಎಂಟು ಬಾರಿನ ಒಂದು ತುಂಡನ್ನು ಎರಡು ಸಲ ನುಡಿಸಬೇಕು ಅನ್ನಿ. ಎಂಟನೇ ಬಾರಿನ ಕೊನೆಯಲ್ಲಿ ಡ್ರಮ್ಮರ್ ಒಂದು ಉರುಳು ಹಾಕಿ ಒಂಬತ್ತನೇ ಬಾರಿನ 'ಒಂದ'ರ ಮೇಲೆ ಝಣ್ ಅಂತ ಸಿಂಬಲ್ ಹೊಡೆಯುತ್ತಾನೆ. ನೀವು ಎಂಟಕ್ಕೆ ಕತ್ತರಿಸಿ ಒಂದನೇ ಬಾರಿಗೆ ವಾಪಸ್ ಬಂದರೆ ಉರುಳು ಬಂತು, ಸಿಂಬಲ್ ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಇಲ್ಲದೆ ಹೋದ ಹಾಗೆ ಕಾಲು ಜರ್ ಅನ್ನುತ್ತೆ. ಉಪಾಯ ಸುಲಭ. ಒಂಬತ್ತನೇ ಬಾರಿನಿಂದ ಆ ಸಿಂಬಲ್ ಇರುವ ಎರಡು ಬೀಟನ್ನು ಬೇರೆ ಟ್ರ್ಯಾಕಿಗೆ ನಕಲು ಮಾಡಿ, ಕೆಳಗಿನ ಸದ್ದನ್ನೆಲ್ಲಾ ಫಿಲ್ಟರಿನಲ್ಲಿ ಕಿತ್ತು ಸಿಂಬಲ್ಲಿನ ಸದ್ದು ಮಾತ್ರ ಉಳಿಸಿ, ಜೋಡಣೆಯ ಮೇಲೆ ಹೊದಿಸಿ, ನಿಧಾನಕ್ಕೆ ಕರಗಿಸಿ. ಸಿಂಬಲ್ಲೂ ಬಂತು, ಗಾಯವೂ ಮುಚ್ಚಿತು.

ಇನ್ನೊಂದು: ಎಲ್ಲರೂ 'ಒಂದ'ರ ಮೇಲೇ ಕತ್ತರಿಸುತ್ತಾರೆ, ನೋಡುವುದಕ್ಕೆ ನೀಟಾಗಿರುತ್ತೆ ಅಂತ. ಈ ಸಂಗೀತದಲ್ಲಿ ಬೇಸು 'ಒಂದ'ಕ್ಕಿಂತ ಅರ್ಧ ಬೀಟು ಮುಂಚೆಯೇ ಜಾರಿಕೊಂಡು ಬಂದಿರುತ್ತೆ, ಕೀಬೋರ್ಡಿನ ಮೇಳ ಗೆರೆ ದಾಟಿ ಎಳೆದಿರುತ್ತೆ, ಅಲ್ಲಿ ಕೊಯ್ದರೆ ಮಾತಿನ ನಡುವೆ ಬಾಯಿ ಮುಚ್ಚಿದ ಹಾಗೆ. ಎರಡನೇ ಅಥವಾ ನಾಲ್ಕನೇ ಬೀಟಿನ ಸ್ನೇರ್ (ಚಟ್ ಅನ್ನುವ ಡ್ರಮ್ಮು) ಮೇಲೆ ಕೊಯ್ದು ನೋಡಿ. ಸ್ನೇರ್ ಸದ್ದು ದೊಡ್ಡದು, ಅದರ ಹಿಂದೆ ಜೋಡಣೆ ಅಡಗಿಕೊಳ್ಳುತ್ತೆ. ಹೊಡೆತಕ್ಕೆ ಎರಡು ಮೂರು ಮಿಲಿಸೆಕೆಂಡು ಮುಂಚೆ ಕತ್ತರಿ ಇಡಿ, 5ರಿಂದ 10 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ಕರಗುತ್ತಾ ಇನ್ನೊಂದು ಏರುವುದು) ಕೊಡಿ. ಕಣ್ಣು ಮುಚ್ಚಿ ಕೇಳಿ, ಪರದೆ ನೋಡುತ್ತಾ ಕೇಳಿದರೆ ಗೆರೆ ಕಂಡ ಕೂಡಲೇ ಕಿವಿಗೂ ಏನೋ ಕೇಳಿಸಿದ ಹಾಗೆ ಅನಿಸುತ್ತೆ.

ಎರಡು ಬಾರಿನ ಲೂಪು ಹಾಕಿ ಎರಡು ನಿಮಿಷ ಓಡಿಸಬೇಡಿ. ಮನುಷ್ಯರು ನುಡಿಸಿದ್ದರಲ್ಲಿ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ, ಮೂರನೇ ಸಲ ಅದೇ ಸಣ್ಣ ಸ್ನೇರ್ ಗುಟುಕು ಅದೇ ಜಾಗದಲ್ಲಿ ಬಂದರೆ ಕಿವಿ ಕಂಡುಹಿಡಿಯುತ್ತೆ. ಎಂಟು ಬಾರಿನದು ತೆಗೆದುಕೊಳ್ಳಿ, ಅಥವಾ ಟ್ರ್ಯಾಕಿನ ಬೇರೆಬೇರೆ ಕಡೆಯಿಂದ ನಾಲ್ಕು ನಾಲ್ಕು ಬಾರ್ ತಂದು ಕಟ್ಟಿ. ಸ್ಯಾಕ್ಸಿನ ತುಣುಕು ಇರುವ ಲೂಪಂತೂ ಬೇಡವೇ ಬೇಡ.

ನಕ್ಷೆ: ಶುರು, ಸೋಲೊ, ಬ್ರೇಕು

ಶುರುವಿಗೆ ಡ್ರಮ್ಮು ಮತ್ತು ತಾಳವಾದ್ಯ 16 ಅಥವಾ 32 ಬಾರ್. 118ರಲ್ಲಿ 32 ಬಾರ್ ಅಂದರೆ 65 ಸೆಕೆಂಡು, ಡಿಜೆಗೆ ಮಿಕ್ಸ್ ಮಾಡುವುದಕ್ಕೆ ಧಾರಾಳ. ಆಮೇಲೆ ಎಂಟೆಂಟು ಬಾರಿಗೆ ಒಬ್ಬೊಬ್ಬರು ಒಳಗೆ ಬರಲಿ. ಕೊನೆಯಲ್ಲೂ ಹಾಗೇ ಒಬ್ಬೊಬ್ಬರು ಹೊರಗೆ ಹೋಗಲಿ.

ಸೋಲೊವನ್ನು ಪೂರ್ತಿ ತೆಗೆಯಬೇಡಿ. ಅದನ್ನು ತೆಗೆದರೆ ಉಳಿಯುವುದು ಬರೀ ಫಂಕ್, ಜಾಝ್ ಹೋಯಿತು. ಮೂರು ನಿಮಿಷದ್ದನ್ನು ಒಂದಕ್ಕೆ ಇಳಿಸಿ, ಆದರೆ ಕತ್ತರಿಸುವುದು ನುಡಿಸುವವರು ಉಸಿರು ತೆಗೆದುಕೊಳ್ಳುವ ಕಡೆ. ಊದುವ ವಾದ್ಯದಲ್ಲಿ ಆ ಉಸಿರು ಕೇಳಿಸುತ್ತೆ ಕೂಡ. ಶುರುವಿನ ಎರಡು ವಾಕ್ಯ ಇಟ್ಟುಕೊಂಡು, ನಡುವೆ ಹಾರಿ, ಏರಿ ಹೋಗಿ ತುದಿ ಮುಟ್ಟುವ ಭಾಗಕ್ಕೆ ಬನ್ನಿ.

ಇನ್ನು ಬ್ರೇಕು. ಕಚೇರಿಯಲ್ಲಿ ತನಿ ಆವರ್ತನ ನೋಡಿದ್ದೀರಲ್ವಾ? ಗಾಯಕರು ಸುಮ್ಮನಾಗುತ್ತಾರೆ, ಮೃದಂಗ ಘಟ ಆಡುತ್ತವೆ, ಕೊನೆಗೆ ಮೂರು ಸಲ ತೀರ್ಮಾನ ಬಿದ್ದು ಹಾಡು ಎಡುಪಿಗೆ ವಾಪಸ್ ಬಂದಾಗ ಸಭೆಯೇ ಒಂದು ಸಲ ಅಲುಗುತ್ತೆ. ಕ್ಲಬ್ಬಿನ ಬ್ರೇಕೂ ಅದೇ ಕೆಲಸ ಮಾಡುತ್ತೆ. ಅದು ಹುಟ್ಟಿದ ಕತೆ ಚೆನ್ನಾಗಿದೆ. 1974ರಲ್ಲಿ ರೀಮಿಕ್ಸ್ ಮಾಡುತ್ತಿದ್ದ ಟಾಮ್ ಮೌಲ್ಟನ್ ಅನ್ನುವವರು ಡಾನ್ ಡೌನಿಂಗ್ ಅವರ 'ಡ್ರೀಮ್ ವರ್ಲ್ಡ್' ಹಾಡನ್ನು ಉದ್ದ ಮಾಡಬೇಕಿತ್ತು, ಆದರೆ ಹಾಡು ನಡುವೆ ಶ್ರುತಿ ಏರಿಸಿಕೊಂಡಿತ್ತು. ಏರಿದ ಕಡೆಯಿಂದ ಹಳೆಯ ಶ್ರುತಿಗೆ ವಾಪಸ್ ಬಂದರೆ ಧೊಪ್ಪನೆ ಬಿದ್ದ ಹಾಗಾಗುತ್ತೆ. ಅದಕ್ಕೆ ನಡುವೆ ರಾಗದ ವಾದ್ಯಗಳನ್ನೆಲ್ಲ ನಿಲ್ಲಿಸಿ ತಾಳ ಮಾತ್ರ ಉಳಿಸಿದರು, ಕಿವಿ ಏರಿದ ಶ್ರುತಿ ಮರೆಯಲಿ ಅಂತ. ತೇಪೆ ಹಾಕಲು ಹೋಗಿ ಜನ ಕಾಯುವಂಥ ಜಾಗವೇ ಸಿಕ್ಕಿತು. ನಿಮ್ಮ ಟ್ರ್ಯಾಕೂ ಶ್ರುತಿ ಬದಲಿಸುತ್ತಿದ್ದರೆ ಇದೇ ಮಾಡಿ, ಎಂಟು ಬಾರ್ ಡ್ರಮ್ಮು ಮಾತ್ರ, ಆಮೇಲೆ ಎಲ್ಲಿಗೆ ಬೇಕಾದರೂ ಹಾರಿ.

ಕಿಕ್ ಹಾಕಬೇಕೇ?

ಹಾಕದೆ ಆದರೆ ಒಳ್ಳೆಯದು. ಮೊದಲು ಶೇಕರೋ ಚಪ್ಪಾಳೆಯೋ ಹಾಕಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. ಅದಕ್ಕೆ ಸ್ವಲ್ಪ ಓಲಾಟ ಕೊಡಿ: ಎಂಪಿಸಿ ಅನ್ನುವ ಡ್ರಮ್ ಯಂತ್ರದ ಲೆಕ್ಕದಲ್ಲಿ 50 ಅಂದರೆ ನೆಟ್ಟಗೆ, 66 ಅಂದರೆ ಪೂರ್ತಿ ತ್ರಿಶ್ರದ ಕಡೆ ವಾಲಿದ್ದು. ನಾನು 54ರಿಂದ ಶುರುಮಾಡಿ ಡ್ರಮ್ಮರ್‌ನ ಹೈಹ್ಯಾಟಿಗೆ ಕೂರುವವರೆಗೆ ಏರಿಸುತ್ತೇನೆ. ಲೈವ್‌ನಲ್ಲಿ ಡ್ರಮ್ಮಿನ ಕ್ಲಿಪ್ಪಿನಿಂದಲೇ ಗ್ರೂವ್ ತೆಗೆದು ಹೊಸ ಶೇಕರಿಗೆ ಕೊಡಬಹುದು.

ಕಿಕ್ ಬೇಕೇಬೇಕು ಅನ್ನಿಸಿದರೆ ಗ್ರಿಡ್ಡಿನ ಮೇಲೆ ಇಡಬೇಡಿ, ಡ್ರಮ್ಮರ್‌ನ ಕಿಕ್ ಎಲ್ಲಿದೆಯೋ ಅಲ್ಲಿಡಿ. ಕಾರಣ ಲೆಕ್ಕದಲ್ಲೇ ಇದೆ. 60 ಹರ್ಟ್ಝ್ ಸದ್ದಿನ ಒಂದು ಅಲೆ 16.7 ಮಿಲಿಸೆಕೆಂಡು. ನಿಮ್ಮ ಕಿಕ್ ಅದರ ಅರ್ಧ, ಎಂಟು ಮಿಲಿಸೆಕೆಂಡಿನಷ್ಟು, ಆಚೀಚೆ ಆದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಎರಡೂ ಒಂದನ್ನೊಂದು ನುಂಗಿಹಾಕುತ್ತವೆ. ಎರಡು ಕಿಕ್ ಹಾಕಿದ್ದೀನಿ, ಸದ್ದು ಮಾತ್ರ ಮೊದಲಿಗಿಂತ ಕಡಿಮೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ ನೋಡಿ, ಇಲ್ಲದಿದ್ದರೆ ಒಂದೊಂದೇ ಮಿಲಿಸೆಕೆಂಡು ಸರಿಸಿ ನೋಡಿ. ಎಲ್ಲಿ ಎದೆಗೆ ತಮಟೆ ಬಡಿದ ಹಾಗೆ ಬಡಿಯುತ್ತೋ ಅಲ್ಲಿ ನಿಲ್ಲಿಸಿ. ಮೂಲ ಟ್ರ್ಯಾಕಿನ ಕೆಳಗಿನ ಸದ್ದನ್ನು ಪೂರ್ತಿ ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಝಿನಿಂದ ಶುರು, ಈ ಸಂಗೀತದ ಪ್ರಾಣ ಇರುವುದೇ ಅಲ್ಲಿ. ಕಿಕ್ ಬಿದ್ದಾಗ ಮಾತ್ರ ಎರಡು ಡೆಸಿಬೆಲ್ ಬಗ್ಗುವ ಹಾಗೆ ಸೈಡ್‌ಚೈನ್ ಕಂಪ್ರೆಸರ್ ಕೊಡಿ.

ಬೇಸು ನಡುವಿರಲಿ

ಒಂದು ಸಲ ಹೆಡ್‌ಫೋನಿನಲ್ಲಿ ಅಗಲವಾಗಿ ಚೆನ್ನಾಗಿದೆ ಅಂತ ಇಡೀ ಮಿಕ್ಸಿಗೆ ಸ್ಟೀರಿಯೊ ಅಗಲ ಮಾಡುವ ಪ್ಲಗಿನ್ ಹಾಕಿಕೊಂಡು ಹೋಗಿದ್ದೆ. ಆ ಜಾಗದ ಸ್ಪೀಕರುಗಳು ಮೋನೊದಲ್ಲಿ ಓಡುತ್ತಿದ್ದವು. ಬೇಸ್ ಬರಬೇಕಾದ ಜಾಗದಲ್ಲಿ ಬೇಸೇ ಇಲ್ಲ, ಎಡ ಬಲ ಸೇರಿ ಮಾಯ. ಬಾರಿನ ಹಿಂದೆ ಲೋಟ ಒರೆಸುತ್ತಿದ್ದ ಹುಡುಗ ಕೂಡ ತಲೆ ಎತ್ತಿ ನೋಡಿದ. ಅವತ್ತಿನಿಂದ 120 ಹರ್ಟ್ಝಿನ ಕೆಳಗಿನದ್ದೆಲ್ಲಾ ಮೋನೊ, ಮತ್ತು ಹೊರಡುವ ಮುಂಚೆ ಇಡೀ ಮಿಕ್ಸನ್ನು ಒಂದು ಸಲ ಮೋನೊದಲ್ಲಿ ಕೇಳುವುದು.

ಸದ್ದು ಜಾಸ್ತಿ ಮಾಡಬೇಕು ಅಂತ ಲಿಮಿಟರ್ (ಸದ್ದಿನ ತುದಿಗಳನ್ನು ಅದುಮುವ ಪ್ಲಗಿನ್) ಒತ್ತಿ ಹಿಂಡಬೇಡಿ, ಸ್ನೇರ್ ಸಾಯುತ್ತೆ. 12 ಇಂಚಿನ ಸಿಂಗಲ್ ಬಂದದ್ದೂ ಜಾಗದ ವಿಷಯಕ್ಕೇ. ಮೌಲ್ಟನ್ ಅವರ ಜೊತೆ ಮಾಸ್ಟರಿಂಗ್ ಮಾಡುತ್ತಿದ್ದ ಹೋಸೆ ರೊಡ್ರಿಗೆಸ್ ಹತ್ತಿರ ಒಂದು ದಿನ 7 ಇಂಚಿನ ಖಾಲಿ ತಟ್ಟೆ ಮುಗಿದಿತ್ತು, 10 ಇಂಚಿನದರಲ್ಲಿ ಕೊರೆದರು. ದೊಡ್ಡ ತಟ್ಟೆಯಲ್ಲಿ ಸಣ್ಣ ಹಾಡು ಒಂದು ಮೂಲೆಯಲ್ಲಿ ಕೂತಿದ್ದು ನೋಡಿ ಗೆರೆಗಳನ್ನು ಅಗಲ ಮಾಡಿ, ಸದ್ದು ಏರಿಸಿ ಕೊರೆದಾಗ ಬೇಸು ಅದುವರೆಗೆ ಕೇಳದ ಹಾಗೆ ಬಂತು. ಆ 10 ಇಂಚೇ ಮುಂದೆ 12 ಆಯಿತು. ಹಿಂಡಿ ಅಲ್ಲ, ಹರಡಿ ಬಂದದ್ದು.

ಹಕ್ಕು

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. 1977ರಲ್ಲಿ ಬಂದ ಆಲ್ಬಮ್ಮು 2037ರ ಕೊನೆಯವರೆಗೆ ಯಾರದೋ ಸ್ವತ್ತು. ಹಾಡಿನ ರಚನೆಯ ಹಕ್ಕು ಬೇರೆ, ಅದು ಇನ್ನೂ ಉದ್ದ. ಅನುಮತಿ ಇಲ್ಲದೆ ಮಾರುವುದು, ಸ್ಟ್ರೀಮಿಂಗಿಗೆ ಹಾಕುವುದು ಎರಡೂ ತಪ್ಪು, ಶ್ರುತಿ ತುಸು ಏರಿಸಿದೆ ಅಂದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ನನ್ನದು ನನ್ನ ಪೆನ್‌ಡ್ರೈವಿನಲ್ಲೇ ಇದೆ. ನಿಜವಾಗಲೂ ಹೊರಗೆ ತರುವ ಆಸೆ ಇದ್ದರೆ ಲೇಬಲ್ಲಿಗೆ ಬರೆಯಿರಿ, ಉತ್ತರ ಬರದಿದ್ದರೆ ಬೇಜಾರು ಬೇಡ.

ಕ್ಲಬ್ಬಿನಲ್ಲಿ ಹಾಕಿ ನೋಡುವುದು

24 ಬಿಟ್ಟಿನ ವೇವ್ ಅಥವಾ ಎಐಎಫ್‌ಎಫ್ ಮಾಡಿಕೊಳ್ಳಿ. ಡಿಜೆಗಳು ಬಳಸುವ ಹಳೆಯ ಸಿಡಿಜೆ ಪ್ಲೇಯರುಗಳು ಫ್ಲಾಕ್ ಓದುವುದಿಲ್ಲ, ಅಲ್ಲಿ ಹೋಗಿ ಪರದೆ ನೋಡುತ್ತಾ ನಿಲ್ಲುವುದು ಬೇಡ. ಸೌಂಡ್‌ಚೆಕ್ ಹೊತ್ತಿಗೇ ಹೋಗಿ, ಖಾಲಿ ಫ್ಲೋರಿನಲ್ಲಿ ಒಂದು ಸಲ ನಡೆದಾಡುತ್ತಾ ಕೇಳಿ. ಆಮೇಲೆ ರಾತ್ರಿ ಹಾಕಿದಾಗ ಮಿಕ್ಸರ್ ನೋಡಬೇಡಿ, ಕಾಲುಗಳನ್ನು ನೋಡಿ. ತಲೆ ಆಡಿಸುವುದು ಮರ್ಯಾದೆಗೆ, ಕಾಲು ಸುಳ್ಳು ಹೇಳುವುದಿಲ್ಲ.

ನನ್ನದನ್ನು ಮೂರನೇ ಸಲ ತಿದ್ದಿ ಹಾಕಿದ ರಾತ್ರಿ ಶುರು ಚೆನ್ನಾಗಿಯೇ ಹೋಯಿತು, ಬ್ರೇಕಿನಲ್ಲಿ ಒಂದಿಬ್ಬರು ಕೂಗಿದರು, ಬೇಸ್ ವಾಪಸ್ ಬಂದಾಗ ಮೂಲೆಯಲ್ಲಿದ್ದವರೂ ಒಳಗೆ ಬಂದರು. ನಾಲ್ಕೂವರೆ ನಿಮಿಷದ ಹತ್ತಿರ, ಸ್ಯಾಕ್ಸ್ ಎರಡನೇ ಸಲ ಏರುವ ಮುಂಚೆ, ಐದಾರು ಜನ ಫೋನ್ ತೆಗೆದರು. ಅಲ್ಲಿ ರೋಡ್ಸ್ ಒಂದೇ ಹದಿನಾರು ಬಾರ್ ಇಟ್ಟಿದ್ದೆ, ನನಗೆ ತುಂಬಾ ಇಷ್ಟ ಅಂತ. ಮನೆಗೆ ಬಂದು ಎಂಟು ಮಾಡಿದೆ.